ಓಕ್ ಸಾಲಿನಲ್ಲಿ ಕಳೆದ ಬೇಸಿಗೆ

ಗೋಡೆ ಪಕ್ಕದ ಸಾಲಿನಲ್ಲಿ ನಾಲ್ಕು ಪೈನ್ ಸಸಿಗಳು ಹಚ್ಚ ಹಸಿರಾಗಿದ್ದವು. ಸೊಸೆಗೆ ಅಳು ಬರುವುದೊಂದು ಬಾಕಿ.

ಈ ನಾಲ್ಕನ್ನು ಕಾಣುವವರೆಗೆ, ಅವಳು ಪ್ರಯೋಗ ನಡೆಸುತ್ತಿದ್ದ ಗಾಜಿನ ಮನೆಯಲ್ಲಿ ಬೆಳಗಿನಿಂದ ಅವಳಿಗೆ ಕುಣಿಯುವಷ್ಟು ಖುಷಿ. ಕೆಲವು ವಾರಗಳ ಹಿಂದೆ, ರೋಗ ತರುವ ಬೂಷ್ಟು ಕದಡಿದ ನೀರನ್ನು ಎಲ್ಲ ಸಸಿಗಳಿಗೂ ಒಂದೇ ದಿನ ಸಿಂಪಡಿಸಿದ್ದಳು. ಪೈನ್ ಕುಂಡಗಳ ನಡುವೆಯೇ ಬೆಳೆದ ಪೈನ್ ಸಸಿಗಳ ಸೂಜಿಯೆಲೆಗಳು ಕಂದಿ ಉದುರುತ್ತಿದ್ದವು. ಓಕ್ ಕುಂಡಗಳ ನಡುವೆ ಬೆಳೆದ ಪೈನ್ ಸಸಿಗಳು ತಮಗೇನೂ ಸಂಬಂಧವೇ ಇಲ್ಲವೆಂಬಂತೆ ನಿಂತಿದ್ದವು. ಪಕ್ಕದ ಮರ ಯಾವುದು ಎಂಬುದರ ಮೇಲೆ ಪೈನ್‌ನ ರೋಗ ಅವಲಂಬಿಸಿದೆ ಎಂದು ಅವಳು ಹೇಳಿದಾಗಲೆಲ್ಲ ಸಂಶೋಧನಾ ಕೇಂದ್ರದ ನಿರ್ದೇಶಕರು ನಕ್ಕಿದ್ದರು. ಇವತ್ತು ಅವರೇ ನೋಡಲು ಬರುತ್ತಿದ್ದರು. ಒಪ್ಪದಿದ್ದರೆ ಗಾಜಿನ ಮನೆಗೆ ಬೀಗ. ಇಂಥ ಹೊತ್ತಿನಲ್ಲಿ, ಕಂದಿದ ಪೈನ್ ಸಾಲಿನ ನಟ್ಟನಡುವೆ ಈ ನಾಲ್ಕು ಸಸಿಗಳು ರೋಗವೇ ತಾಗದೆ ಹಲ್ಲು ಕಿಸಿಯುತ್ತಿದ್ದವು.

ಊಟದ ಡಬ್ಬಿ ತಂದ ಅತ್ತೆ ಬಾಗಿಲಲ್ಲೇ ನಿಂತರು. ಸೊಸೆ ಕಾಲು ಮುರಿದುಕೊಂಡು ಮಲಗಿದ್ದ ಈ ಸಲದ ಬೇಸಿಗೆಯಲ್ಲಿ ಇಲ್ಲಿ ನೀರು ಹಾಕಿದವರು ಅವರೇ.

"ಯಾಕೆ ಮುಖ ಹೀಗಾಗಿದೆ?"

"ಈ ನಾಲ್ಕು ನನ್ನ ಮಾನ ಕಳೀತಿವೆ ಅತ್ತೆ. ಇವಕ್ಕೂ ರೋಗ ಬರ್ಬೇಕಿತ್ತು."

"ಬಿಡ್ತು ಅನ್ನು!" ಅತ್ತೆ ಸಸಿಗಳನ್ನು ನೋಡಿದರು, ಆಮೇಲೆ ನೆಲ ನೋಡಿದರು. "ಬೈಯಲ್ಲ ಅಂದ್ರೆ ಒಂದು ಹೇಳ್ತೀನಿ. ಇವು ಬಿಸಿಲಿಗೆ ಬಾಡ್ತಿದ್ವು. ಪಾಪ ಅನ್ನಿಸ್ತು. ಓಕ್ ಸಾಲಲ್ಲಿ ತಂಪಿತ್ತಲ್ಲ, ಅಲ್ಲಿಟ್ಟೆ."

"ಎಷ್ಟು ದಿನ?"

"ಬೇಸಿಗೆ ಪೂರ್ತಿ. ನೀನು ಕೆಲಸಕ್ಕೆ ಬರ್ತೀಯ ಅಂದಾಗ ಭಯ ಆಗಿ ವಾಪಸ್ ಇಟ್ಟುಬಿಟ್ಟೆ. ತಪ್ಪಾಯ್ತು ಕಣೇ."

"ಅಂದ್ರೆ ನಾನು ಬೂಷ್ಟು ಸಿಂಪಡಿಸೋ ಮೊದ್ಲೇ ಇಲ್ಲಿಗೆ ಬಂದಿದ್ವು?"

"ಹೂಂ."

ಸೊಸೆ ಮತ್ತೆ ಸಸಿಗಳತ್ತ ತಿರುಗಿದಳು. ಸುತ್ತ ರೋಗ, ಪಕ್ಕದಲ್ಲಿ ಒಂದೂ ಓಕ್ ಇಲ್ಲ. ಆದರೂ ಹಸಿರು! ನೆರೆಯವರನ್ನು ಬಿಟ್ಟು ಬಂದ ಮೇಲೂ ಅವರು ಕೊಟ್ಟ ಬಲ ಉಳಿದಿರಬಹುದೆ? ಇಷ್ಟನ್ನು ಅವಳು ಕನಸಲ್ಲೂ ಎಣಿಸಿರಲಿಲ್ಲ. ಅತ್ತೆಯನ್ನು ತಬ್ಬಿ ಎತ್ತಿಯೇಬಿಟ್ಟಳು.

"ಇಳಿಸೇ! ಈಗ ತಾನೇ ನಿನ್ನ ಕಾಲು ಕೂಡಿದೆ!"

"ಅತ್ತೆ, ನೀವು ನನ್ನ ಪ್ರಯೋಗ ಕೆಡಿಸಿದ್ದೀರ. ನಾಲ್ಕೇ ಸಸಿ ಸಾಲಲ್ಲ. ಮುಂದಿನ ಬೇಸಿಗೇಲಿ ಒಂದು ಸಾಲು ಪೂರ್ತಿ ಹೀಗೇ ಕೆಡಿಸಿಕೊಡಿ!"

"ನಿನಗೆ ಹುಚ್ಚು."

"ನಿರ್ದೇಶಕರಿಗೂ ನೀವೇ ಹೇಳ್ಬೇಕು."

"ನಾನಾ? ನನ್ನ ಕೈಲಾಗಲ್ಲಮ್ಮ."

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಅತ್ತೆ ಡಬ್ಬಿ ಕೆಳಗಿಟ್ಟು, ಕೂದಲು ಸರಿಮಾಡಿಕೊಂಡರು. ಆಮೇಲೆ ಸೊಸೆಯ ಪಕ್ಕಕ್ಕೆ ಬಂದು, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತರು.