ಲಾರಿಯಿಂದ ಇಳಿದವನು

ಸ್ಫಾಕ್ಸ್ ಪಟ್ಟಣದ ನಮ್ಮ ಬಡಾವಣೆಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಕೆಲಸ ನನ್ನದು. ತರಗತಿಗೆ ಬರುತ್ತಿದ್ದ ಎಂಟು ಹೆಂಗಸರಲ್ಲಿ ಹ್ನಿಯಾ ಎಲ್ಲರಿಗಿಂತ ಹಿರಿಯಾಕೆ. ಬೆಳಗಿನಿಂದ ಕಸದಲ್ಲಿ ಪ್ಲಾಸ್ಟಿಕ್ ಬಾಟಲಿ ಆಯ್ದು, ಕೈಯನ್ನು ಉಜ್ಜಿ ಉಜ್ಜಿ ತೊಳೆದುಕೊಂಡು ಬಂದು ಬಾಗಿಲ ಬಳಿಯೇ ಕೂರುತ್ತಿದ್ದಳು. ಎರಡು ವರ್ಷದಲ್ಲಿ ಓದುಬರಹ ಚೆನ್ನಾಗಿಯೇ ಹತ್ತಿತು.

ಒಮ್ಮೆ, ನಿಮ್ಮ ಬದುಕಿನ ಬಗ್ಗೆ ಒಂದು ಪುಟ ಬರೆದು ತನ್ನಿ ಎಂದೆ. ಹ್ನಿಯಾ ಖಾಲಿ ಹಾಳೆ ತಂದಳು.

"ನನ್ ಬದುಕಲ್ಲಿ ಬರೆಯೋಕೇನಿದೆ ಟೀಚರಮ್ಮಾ? ಬಾಟಲಿ ಲೆಕ್ಕ ಬರೀಲಾ?"

ಪಕ್ಕದಲ್ಲಿದ್ದ ದಲಂದಾ, "ಮುಚ್ಚಳಾನೂ ಬಿಡಬೇಡ" ಎಂದು ನಕ್ಕಳು.

ಹಾಗಾದರೆ ಇಲ್ಲದ ಹೆಂಗಸೊಬ್ಬಳನ್ನು ಹುಟ್ಟಿಸಿ ಅವಳ ಕಥೆ ಬರೆಯಿರಿ ಎಂದೆ.

ಮುಂದಿನ ವಾರ ಆರು ಪುಟ ತಂದು ಓದಿದಳು. ಬಾಟಲಿ ಆಯುವ ಸಾಲಿಹಾ ಎಂಬವಳು ಕಸದ ಗುಡ್ಡದಲ್ಲಿ ಹಿಂದಕ್ಕೆ ಬರುತ್ತಿದ್ದ ಲಾರಿಗೆ ಸಿಕ್ಕುತ್ತಾಳೆ. ಚಾಲಕ ಇಳಿದು ಬಂದು, ತನ್ನ ಕೋಟು ಹೊದಿಸಿ, ಹೆಸರು ಕೇಳುತ್ತಾನೆ. ಅವಳು ಹೆಸರು ಹೇಳುತ್ತಾಳೆ, ಮಕ್ಕಳ ಹೆಸರು ಹೇಳುತ್ತಾಳೆ, ನೆನೆಹಾಕಿ ಬಂದ ಕಡಲೆ ಹುಳಿ ಬಂದೀತೆಂದು ಚಿಂತಿಸುತ್ತಾಳೆ, ಅತ್ತೆಯನ್ನು ಬಯ್ಯುತ್ತಾಳೆ. ನಾಲ್ಕು ಪುಟ ಬರೀ ಅವಳ ಮಾತು.

ಹನ್ನೊಂದು ವರ್ಷದ ಹಿಂದೆ ಹ್ನಿಯಾಳ ತಂಗಿ ಮಬ್ರೂಕಾ ಹಾಗೆಯೇ ಲಾರಿಗೆ ಸಿಕ್ಕಿ ಸತ್ತಿದ್ದು ಎಲ್ಲರಿಗೂ ಗೊತ್ತಿತ್ತು. ಕಾಗದಪತ್ರದಲ್ಲಿ 'ಗುರುತು ಸಿಗದ ಹೆಂಗಸು' ಎಂದು ಬರೆದುಬಿಟ್ಟಿದ್ದರು. ಅದನ್ನು ತಿದ್ದಿಸಲು ಹ್ನಿಯಾ ಕಚೇರಿಗಳಿಗೆ ಅಲೆದಿದ್ದಳು. ಅವಳ ಮಾತು ಪೂರ್ತಿ ಕೇಳಿದವರೇ ಇಲ್ಲ.

ಎಲ್ಲರೂ ಹೋದ ಮೇಲೆ, ನಿಜದಲ್ಲಿ ಆ ಚಾಲಕ ಲಾರಿ ನಿಲ್ಲಿಸಲೇ ಇಲ್ಲವಲ್ಲ ಎಂದು ಕೇಳಿದೆ.

"ನಿಲ್ಲಿಸ್ಲಿಲ್ಲ. ಆದ್ರೆ ಅವಳು ಏನ್ ಹೇಳ್ತಿದ್ಲು ಅಂತ ನಂಗೊತ್ತು. ಹೇಳ್ಬೇಕಂದ್ರೆ ಕೇಳೋನೊಬ್ಬ ಬೇಕಲ್ಲ? ಅದಕ್ಕೆ ಅವನನ್ನ ಇಳಿಸ್ದೆ."

ನಾನು ಕಥೆಯನ್ನು ರಾಜಧಾನಿ ಟ್ಯುನಿಸ್‌ನ ಒಂದು ಪತ್ರಿಕೆಗೆ ಕಳಿಸಿದೆ. ಸಂಪಾದಕಿ ಫೋನ್ ಮಾಡಿ, ಚಾಲಕ ಓಡಿಹೋದಂತೆ ಬದಲಿಸಿದರೆ ಹೆಚ್ಚು ನಿಜ ಅನ್ನಿಸುತ್ತದೆ ಎಂದರು. ಹ್ನಿಯಾ ಒಪ್ಪಲಿಲ್ಲ. ಓಡಿಹೋದವರನ್ನು ದಿನಾ ನೋಡುತ್ತೇವೆ, ಅದಕ್ಕೆ ಕಥೆ ಯಾಕೆ ಬೇಕು ಎಂದಳು. ಬರೆದಂತೆಯೇ ಅಚ್ಚಾಯಿತು. ನಾನು ಪತ್ರಿಕೆ ಹಿಡಿದು ಅವಳ ಜೊತೆ ಕಚೇರಿಗೂ ಹೋಗಿ ಬಂದೆ. ಕಾಗದದಲ್ಲಿ ಹೆಸರು ಇಂದಿಗೂ ಬಂದಿಲ್ಲ.

ಆ ದಿನ ಕಚೇರಿಯಿಂದ ನೇರ ಮಬ್ರೂಕಾಳ ಮಗಳ ಮನೆಗೆ ಹೋದೆವು. ತಾಯಿ ಸತ್ತಾಗ ಆ ಹುಡುಗಿಗೆ ಏಳು ವರ್ಷ. ಅವಳು ನಿಂತುಕೊಂಡೇ ಕಥೆ ಓದತೊಡಗಿ, ಅರ್ಧಕ್ಕೆ ಕೂತು, ಮುಗಿಸಿ ಕಣ್ಣೊರೆಸಿಕೊಂಡಳು.

"ಅಮ್ಮ ಇಷ್ಟೊಂದು ಮಾತಾಡ್ತಿದ್ಲಾ ದೊಡ್ಡಮ್ಮ?"

"ಇದೇನು ಮಹಾ," ಎಂದಳು ಹ್ನಿಯಾ. "ಹಾಳೆ ಸಾಲ್ಲಿಲ್ಲ."