ಗುಡಿಸಿದ ಕಡವು

ನಮ್ಮ ಅತ್ತೆ ರತ್ನಮ್ಮನವರ ಅಹಿಂಸೆಯಿಂದ ನನಗೆ ತಲೆ ಚಿಟ್ಟು ಹಿಡಿದಿತ್ತು. ಬಸದಿಗೆ ಹೋಗುವ ಮುಂಚೆ ಅವರು ಮರಕ್ಕಡವಿನ ಹೊಳೆಯಲ್ಲೇ, ಊರವರು ನೀರಿಗಿಳಿಯುವ ಕಡವಿನಲ್ಲೇ ಮೀಯಬೇಕು. ಇರುವೆ ಕಾಲಡಿ ಸಿಕ್ಕೀತೆಂದು ಮೆತ್ತನೆಯ ಪೊರಕೆಯಿಂದ ದಾರಿ ಗುಡಿಸಿಕೊಂಡೇ ಇಳಿಯಬೇಕು. ರಾತ್ರಿ ದಡ ಹತ್ತಿದ ಮೊಸಳೆಯ ಹೆಜ್ಜೆಯೂ ಅದರಲ್ಲಿ ಅಳಿಸಿಹೋಗುತ್ತಿತ್ತು.

ಮೊಸಳೆ ಎಷ್ಟು ದೊಡ್ಡದೆಂದು ಗೊತ್ತಾಗದೆ ಅರಣ್ಯದವರು ಕಡವಿಗೆ ಬೇಲಿ ಹಾಕುವುದಿಲ್ಲ. ಹಿಂಗಾಲಿನ ಪೂರ್ತಿ ಅಚ್ಚೊಂದು ಸಿಕ್ಕರೆ ಅದನ್ನು ಅಳೆದು ಮೈಯುದ್ದ ಅಂದಾಜು ಮಾಡಬಹುದು ಎಂದು ಅವರ ಕಾವಲಿನ ವಾಚರ್ ಶಿಬು ಹೇಳಿದ್ದ. ಆದರೆ ಅವನು ಟೇಪು ಹಿಡಿದು ಬಂದಾಗಲೆಲ್ಲ ಅಲ್ಲಿದ್ದದ್ದು ಪೊರಕೆಯ ಗೀರು.

"ಉಡ ಆಗಿರ್ಬಹುದು ಚೇಚೀ," ಎನ್ನುತ್ತಿದ್ದ, ಮಲಯಾಳದಲ್ಲಿ ನನ್ನನ್ನು ಅಕ್ಕ ಎಂದು ಕರೆದು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೆಜ್ಜೆ ಬಿಟ್ಟು ಗುಡಿಸಿ ಎಂದರೆ ಅತ್ತೆಗೆ ನಸುಕಿನಲ್ಲಿ ಕಣ್ಣು ಕಾಣದು. ಪೊರಕೆ ಬಚ್ಚಿಟ್ಟರೆ ಬಗ್ಗಿ ಸೆರಗಿನಲ್ಲೇ ಗುಡಿಸಿದರು.

"ಅದಕ್ಕೂ ಹೊಟ್ಟೆ ಉಂಟಲ್ಲ ಪೂಜಾ. ಅದರ ಪಾಡಿಗೆ ಅದಿರ್ಲಿ."

"ಅದರ ಹೊಟ್ಟೆಗೆ ನೀವೇ ಆಗ್ಬೇಕಾ ಅತ್ತೆ?"

ಇವರಿಗೆ ಏನಾದರೂ ಆದರೆ ಎಂಬ ಹೆದರಿಕೆಯಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ. ಅವರು ಮಾತ್ರ ಎರಡನೇ ಸಲ ಬಡಿಸಿಕೊಂಡು ಉಣ್ಣುತ್ತಿದ್ದರು.

ಮೊನ್ನೆ ಮಿಂದು ಬಂದವರು ಚೆಂಬನ್ನು ಕಡವಿನಲ್ಲೇ ಮರೆತಿದ್ದರು. ಗೊಣಗುತ್ತಾ ತರಲು ಹೋದೆ. ಚೆಂಬಿನ ಪಕ್ಕದ ಹಸಿ ಕೆಸರಲ್ಲಿ ಬಾಲ ಎಳೆದ ಗೆರೆ, ಅದರ ಪಕ್ಕ ನಾಲ್ಕು ಬೆರಳಿನ ಹಿಂಗಾಲು, ಒಂದಿಷ್ಟೂ ಕೆಡದೆ ಮೂಡಿತ್ತು. ಕೂಡಲೇ ಮೇಲೆ ಸರಿದು ಶಿಬುವಿಗೆ ಫೋನ್ ಮಾಡಿದೆ. ಅವನು ಬರುವವರೆಗೂ ದಾರಿಗಡ್ಡ ನಿಂತಿದ್ದೆ.

ಶಿಬು ಮಂಡಿಯೂರಿ ಅಳೆದ. ಮುಖ ಸಣ್ಣಗಾಯಿತು.

"ಹತ್ತಡಿಗೆ ಕಮ್ಮಿ ಇಲ್ಲ ಚೇಚೀ. ಬೇಲಿ ಬೇಕೇ ಬೇಕು."

ಅಷ್ಟರಲ್ಲಿ ಮೇಲಿನಿಂದ ಸರ್ ಸರ್ ಸದ್ದು. ಚೆಂಬು ಹುಡುಕಿಕೊಂಡು ಅತ್ತೆ ಗುಡಿಸುತ್ತಾ ಇಳಿಯುತ್ತಿದ್ದರು!

"ನಿಲ್ಲಿ ಅತ್ತೇ!" ಎಂದು ಕಿರುಚಿದೆ. "ಗುಡಿಸ್ಬೇಡಿ, ನೋಡಿ. ಒಂದೇ ಒಂದು ಸಲ ಕಣ್ಣು ಬಿಟ್ಟು ನೋಡಿ!"

ಅವರು ಬಗ್ಗಿ ನೋಡಿದರು. ನಾನೂ ಆಗಲೇ ಸರಿಯಾಗಿ ನೋಡಿದ್ದು. ಮೊಸಳೆಯ ಹೆಜ್ಜೆ ಬಿದ್ದಿದ್ದು ಬರಿ ಕೆಸರಿನ ಮೇಲಲ್ಲ. ಮಿಂದು ಮೇಲೆ ಬರುವಾಗ ಅತ್ತೆ ಊರಿದ್ದ ಹಿಮ್ಮಡಿಯ ಗುರುತಿನ ಮೇಲೆ.

"ನನ್ನ ಹಿಂದೇನೇ ಬಂದಿತ್ತಾ ಇದು?" ಅತ್ತೆ ತಮ್ಮ ಹಿಮ್ಮಡಿ ನೋಡಿಕೊಂಡರು.

ಅವರ ಕೈಯಿಂದ ಪೊರಕೆ ಕಿತ್ತುಕೊಂಡು, ಹೊಳೆಗೆ ಬೆನ್ನು ಹಾಕಿ, ಮನೆಯ ಕಡೆಗೆ ಗುಡಿಸತೊಡಗಿದೆ. ನಾನು ಗುಡಿಸಿದ ದಾರಿಯಲ್ಲಿ ಅತ್ತೆ ಹಿಂದೆ ಬಂದರು. ಚೆಂಬು ಬೇಕೆಂದು ಕೇಳಲಿಲ್ಲ.