ಉಳಿದುಹೋದ ಲೋಕ

"ಬಿಡಪ್ಪಾ, ಪೂರ್ತಿ ಕಿತ್ಕೊಂಡು ಬಂದೀತು!" ಎಂದು ಪ್ಲಂಬರ್‌ನ ಹೆಂಡತಿ ಕಿಟಕಿಯಿಂದ ಕೂಗುವಷ್ಟರಲ್ಲಿ ಅಂಗಳದ ನಲ್ಲಿ ಟೈಲರ್‌ನ ಕೈಗೇ ಬಂದಿತ್ತು. ನೀರು ಚಿಮ್ಮಿ, ಸಾವಿನ ಮನೆಗೆಂದು ಇಸ್ತ್ರಿ ಮಾಡಿ ಹಾಕಿಕೊಂಡು ಬಂದಿದ್ದ ಅಂಗಿ ಅವನ ಎದೆಗೆ ಅಂಟಿತು. ಅವನ ಅಣ್ಣ, ಬೇಕರಿಯವನು, ಓಡಿಬಂದು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದ. ಅವಳು ಹೋಗಿ ಗೋಡೆ ಬದಿಯ ವಾಲ್ವ್ ತಿರುಗಿಸಿದ ಮೇಲೆ ನೀರು ನಿಂತಿತು.

"ಊರಿನ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿದೋರು, ಸ್ವಂತ ಮನೇದು ಹೀಗೆ ಬಿಟ್ಟು ಹೋಗಿದಾರಲ್ಲ ಅಕ್ಕಾ!" ಎಂದ ಟೈಲರ್, ಮುಖ ಒರೆಸಿಕೊಳ್ಳುತ್ತ.

"ನಾಳೆ ಮಾಡ್ತೀನಿ, ನಾಳೆ ಮಾಡ್ತೀನಿ ಅಂತಲೇ ಇದ್ರು," ಎಂದಳು. ಗಂಡ ನಡುಮನೆಯಲ್ಲಿ ಹೆಣವಾಗಿ ಮಲಗಿರುವಾಗ ತನಗೆ ನಗು ಬರುತ್ತಿದೆಯಲ್ಲ ಎಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ತೀರಿಕೊಂಡ ಪ್ಲಂಬರ್‌ಗೆ ಎಂಬತ್ತರ ಹತ್ತಿರ ವಯಸ್ಸು. ಹಿಂದಿನ ದಿನ ಊಟ ಮಾಡಿ ಒರಗಿದವನು ಏಳಲಿಲ್ಲ, ಅಷ್ಟೇ. ಈಗ ಅವಳನ್ನು ಕಾಡುತ್ತಿದ್ದದ್ದು ಕೊಟ್ಟ ಮಾತು. "ನಾನು ಹೋದ ದಿನ ಅವರಿಗೆಲ್ಲ ನಿಜ ಹೇಳಿಬಿಡು. ನಾನು ಹೇಳಿದ್ರೆ ನಂಬಲ್ಲ" ಎಂದು ಅವನು ಭಾಷೆ ತೆಗೆದುಕೊಂಡಿದ್ದ. ಆ 'ಅವರು' ಆಗಲೇ ನಡುಮನೆ ತುಂಬ ಕೂತಿದ್ದರು. ಮೂವತ್ತು ವರ್ಷಗಳಿಂದ ವಾರಕ್ಕೊಮ್ಮೆ ಇದೇ ಮನೆಯಲ್ಲಿ ಸೇರಿ ಪ್ರಾರ್ಥನೆ ಮಾಡುವವರು, ತಮ್ಮ ಪ್ರಾರ್ಥನೆಯಿಂದಲೇ ಲೋಕ ನಿಂತಿದೆ ಎನ್ನುವವರು.

*

ಮೂವತ್ತು ವರ್ಷದ ಹಿಂದೆ, ಪ್ರಾರ್ಥನೆಯ ಕೂಟ ಶುರುವಾದ ಹೊಸತರಲ್ಲಿ, ಯಾರದೋ ಮನೆಯ ನೀರಿನ ಟ್ಯಾಂಕಿನೊಳಗೆ ಇಳಿದು ಬಿರುಕಿಗೆ ಸಿಮೆಂಟ್ ಮೆತ್ತುತ್ತಿದ್ದಾಗ ಪ್ಲಂಬರ್‌ಗೆ ದನಿಯೊಂದು ಕೇಳಿತ್ತು: ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಲೋಕ ಮುಗಿಯುತ್ತದೆ. ಬೇರೆ ಯಾರಾದರೂ ಹೇಳಿದ್ದರೆ ಜನ ನಕ್ಕುಬಿಡುತ್ತಿದ್ದರು. ಇವನೋ, ವಾಷರ್ ಹೋಗಿದ್ದರೆ ವಾಷರ್ ಮಾತ್ರ ಹೋಗಿದೆ ಎನ್ನುವ ಮನುಷ್ಯ. ಪ್ರಾರ್ಥನೆಗೆ ಬರುವವರೆಲ್ಲ ನಂಬಿದರು. ಗುರುವಾರ ಸಂಜೆಯೇ ಪ್ಲಂಬರ್‌ನ ಮನೆಯ ತಾರಸಿ ಹತ್ತಿ ಪ್ರಾರ್ಥನೆಗೆ ಕೂತರು. "ಲೋಕ ಮುಗಿದ್ರೂ ಚಳಿ ಚಳಿಯೇ" ಎಂದು ಗೊಣಗುತ್ತ ಅವಳು ಎಲ್ಲರಿಗೂ ಕಂಬಳಿ ಹೊತ್ತು ತಂದಳು.

ಬೆಳಗಾಯಿತು. ಸೂರ್ಯ ಎಂದಿನಂತೆ ಎದುರುಮನೆಯ ಹಿಂದಿನಿಂದ ಮೇಲೆ ಬಂದ. ಕೆಳಗೆ ಹಾಲಿನವನು ಸೈಕಲ್ ಬೆಲ್ ಹೊಡೆದು, ತಲೆಯೆತ್ತಿ, "ಏನು, ಎಲ್ಲರೂ ಮೇಲೇ ಇದ್ದೀರಿ? ಇವತ್ತು ಹಾಲು ಜಾಸ್ತಿ ಹಾಕ್ಲಾ?" ಎಂದ.

ಪ್ಲಂಬರ್ ಎದ್ದು ನಿಂತ. ಕಿವಿಗಳೆರಡೂ ಕೆಂಪಾಗಿದ್ದವು. "ತಪ್ಪಾಯ್ತು. ಟ್ಯಾಂಕೊಳಗೆ ಉಸಿರು ಕಟ್ಟಿ ತಲೆ ತಿರುಗಿರಬೇಕು. ಮನೆಗೆ ಹೋಗಿ."

ಯಾರೂ ಅಲುಗಲಿಲ್ಲ. ಆಮೇಲೆ ಆಸ್ಪತ್ರೆಯ ನರ್ಸಮ್ಮ ಮೆಲ್ಲಗೆ, "ನಾವು ಬೇಡ್ಕೊಂಡ್ವಲ್ಲ, ಅದಕ್ಕೇ ಉಳೀತು" ಎಂದಳು.

"ಹೌದಲ್ವಾ!" ಎಂದ ಬೇಕರಿಯವನು. "ಹಾಗಾದ್ರೆ ನಿಲ್ಲಿಸೋ ಹಾಗೇ ಇಲ್ಲ!"

ಅಂದಿನಿಂದ ಪ್ಲಂಬರ್ ತಪ್ಪಾಯ್ತು ಎಂದಷ್ಟೂ ಅವರು "ಎಂಥ ವಿನಯ!" ಎಂದು ತಲೆದೂಗಿದರು. ಕೊನೆಗೆ ಅವನು ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಸ್ಪ್ಯಾನರ್ ಹಿಡಿದು ಅವರವರ ಮನೆಗಳಿಗೇ ನಲ್ಲಿ ರಿಪೇರಿಗೆ ಹೋಗತೊಡಗಿದ. ಪ್ರಾರ್ಥನೆ ಅವನಿಲ್ಲದೆಯೂ ಸರಾಗವಾಗಿ ನಡೆಯಿತು.

*

ಮಣ್ಣು ಮಾಡಿ ಬಂದು ಎಲ್ಲರೂ ನಡುಮನೆಯಲ್ಲಿ ಟೀ ಹಿಡಿದು ಕೂತಾಗ ಅವಳು ಎದ್ದು ನಿಂತಳು. ಈ ಮಾತಿನಿಂದ ಇವರೆಲ್ಲ ಎದ್ದು ಹೋದರೆ ನಾಳೆಯಿಂದ ಈ ಮನೆಗೆ ಬರುವವರು ಯಾರು?

"ಅವರು ಹೇಳು ಅಂದಿದ್ರು, ಹೇಳ್ತೀನಿ," ಎಂದಳು. "ಅವತ್ತು ಬೆಳಗಾದ ಮೇಲೆ ಅವರು ಒಂದು ದಿನವೂ ಇದನ್ನ ನಂಬಲಿಲ್ಲ. ವಿನಯಾನೂ ಅಲ್ಲ, ಏನೂ ಅಲ್ಲ."

ಟೈಲರ್ ಟೀ ಹೀರಿದ. "ಅಷ್ಟೇನಾ ಅಕ್ಕಾ?"

"ನಮಗೆ ಗೊತ್ತಿಲ್ವಾ?" ಎಂದಳು ನರ್ಸಮ್ಮ. "ಈ ಅಣ್ಣ-ತಮ್ಮ ಇಬ್ರೂ ಅಂಗಡಿ ಜಗಳಕ್ಕೆ ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡಿರ್ಲಿಲ್ಲ. ಹೇಗೂ ಸಾಯ್ತೀವಲ್ಲ ಅಂತ ಅವತ್ತು ತಬ್ಕೊಂಡು ಅತ್ರು. ನಾನು ನಮ್ಮತ್ತೆಗೆ, ನಿಮ್ಮನ್ನ ಕಂಡ್ರೆ ಪ್ರಾಣ ಅಂದ್ಬಿಟ್ಟಿದ್ದೆ! ಬೆಳಗಾಯ್ತು ಅಂತ ವಾಪಸ್ ತಗೊಳ್ಳೋಕಾಗುತ್ತಾ? ಎಲ್ಲಾ ಸುಳ್ಳು ಅಂದಿದ್ರೆ ಅದೂ ಸುಳ್ಳಾಗಿಬಿಡ್ತಿತ್ತು."

"ಅದಕ್ಕೇ ಲೋಕ ನಾವೇ ಉಳಿಸಿದ್ದು ಅಂತ ಇಟ್ಕೊಂಡ್ವಿ," ಎಂದ ಟೈಲರ್. "ಹೇಳ್ತಾ ಹೇಳ್ತಾ ಈಗ ನಿಜವೇ ಅನ್ಸುತ್ತೆ."

"ಈ ಮಾತನ್ನ ಅವರಿಗೊಂದ್ಸಲ ಹೇಳೋಕೇನಾಗಿತ್ತು ನಿಮಗೆ? ಎಷ್ಟು ನೊಂದ್ಕೊಂಡ್ರು ಗೊತ್ತಾ!"

ನರ್ಸಮ್ಮ ತಲೆ ತಗ್ಗಿಸಿದಳು. "ಹೇಳಿದ್ರೆ, ಪ್ರಾರ್ಥನೆ ತಪ್ಪಿಸ್ಕೊಳ್ಳೋ ಕಾರಣ ಇಲ್ದೆ ಅವರು ನಮ್ಮನೆಗಳಿಗೆ ಬರೋದು ನಿಲ್ಲಿಸಿಬಿಡ್ತಾರೆ ಅಂತ ಭಯ ಅಕ್ಕಾ. ಮನೇಲಿ ಉಳಿದೋರು ಅವರ ದಾರಿ ಕಾಯ್ತಿದ್ರು, ಅದಕ್ಕೇ ಸರಿಯಿರೋ ನಲ್ಲೀನೂ ಸಡಿಲ ಮಾಡಿ ಕರೀತಿದ್ವಿ."

ನರ್ಸಮ್ಮ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ಮುಂದಿನ ವಾರದಿಂದ ಪ್ರಾರ್ಥನೇಲಿ ನೀವೇ ಮುಂದೆ ಕೂತ್ಕೋಬೇಕು."

"ನನಗೆ ಚೂರೂ ನಂಬಿಕೆ ಇಲ್ಲ ಕಣೇ!"

"ಅವರಿಗೂ ಇರ್ಲಿಲ್ವಲ್ಲ!"

ಕೋಣೆಯೆಲ್ಲ ಗೊಳ್ಳೆಂದಿತು. ಅವಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ಯಾವಾಗ ಅಳುವಾಯಿತೋ, ಅಳು ಮತ್ತೆ ಯಾವಾಗ ನಗುವಾಯಿತೋ ಅವಳಿಗೇ ತಿಳಿಯಲಿಲ್ಲ.

ಅಷ್ಟು ಗದ್ದಲದಲ್ಲೂ ಒಂದು ಮೂಲೆಯಿಂದ ಗೊರಕೆ ಕೇಳಿಸಿತು. ಎರಡು ದಿನದಿಂದ ಓಡಾಡಿ ದಣಿದಿದ್ದ ಬೇಕರಿಯವನು ಬಾಯಿ ತೆರೆದು ಗೋಡೆಗೊರಗಿ ನಿದ್ದೆ ಹೋಗಿದ್ದ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಟೈಲರ್ ಸದ್ದಿಲ್ಲದೆ ಹತ್ತಿರ ಸರಿದು ಅದನ್ನು ತೆಗೆದ. ಉಸಿರು ಊದಿ, ತನ್ನ ಅಂಗಿಯ ಅಂಚಿನಲ್ಲಿ ಎರಡೂ ಗಾಜು ಒರೆಸಿ, ಅಣ್ಣ ಏಳುವವರೆಗೂ ಅದನ್ನು ಕೈಯಲ್ಲೇ ಹಿಡಿದು ಕೂತ.